ಸೊನ್ನೆ ಅಂದರೆ ನಂಬಬೇಡಿ

ಹಾಸ್ಟೆಲ್ ಗೆಳೆಯರೇ,

ಊರಿನ ಲೆಕ್ಕದ ಪುಸ್ತಕದಲ್ಲಿ ನಮ್ಮ ನೋವಿಗೆ ಯಾವತ್ತೂ ಒಂದೇ ಅಂಕಿ. ಸೊನ್ನೆ. ಜೀತದಾಳು ಇದ್ದಾರಾ? ಇಲ್ಲ ಸ್ವಾಮಿ, ಸೊನ್ನೆ. ಮಲ ಹೊರುವವರು? ನಮ್ಮ ಪುರಸಭೆಯಲ್ಲಿ ಇಲ್ಲವೇ ಇಲ್ಲ, ಸೊನ್ನೆ. ಹೋಟೆಲಿನಲ್ಲಿ ಬೇರೆ ಲೋಟ? ಅದೆಲ್ಲ ಅಜ್ಜನ ಕಾಲಕ್ಕೇ ಹೋಯ್ತು, ಸೊನ್ನೆ. ಕೆಳಗೆ ಒಂದು ರುಜು, ಒಂದು ಮೊಹರು. ಅಲ್ಲಿಗೆ ನಮ್ಮ ಕೇರಿಯ ಕಥೆ ಮುಗೀತು.

ಈ ಸಲ ನಾವು ಪೋಲಿಯೋ ಬಗ್ಗೆ ಬರೆಯುತ್ತಿದ್ದೇವೆ. "ಇದೇನಪ್ಪಾ, ಭೂಮಿ ಬಿಟ್ಟು, ಸ್ಕಾಲರ್‌ಶಿಪ್ಪು ಬಿಟ್ಟು, ಹಾಸ್ಟೆಲ್ ಊಟ ಬಿಟ್ಟು ಪೋಲಿಯೋ ಹನಿ ಹಿಡಕೊಂಡ್ರಲ್ಲ" ಅಂತ ನಗಬೇಡಿ. ನಾವು ಹೇಳಹೊರಟಿರೋದು ಬರೀ ಹನಿಯ ಮಾತಲ್ಲ, ಲೆಕ್ಕದ ಮಾತು. ಇದೇ ದೇಶದಲ್ಲಿ, ಇದೇ ಸರ್ಕಾರದ ಕೈಯಲ್ಲಿ, ಸೊನ್ನೆ ಅಂತ ಬರೆದು ಕಳಿಸಿದ ಜಿಲ್ಲೆಯನ್ನು ಹೊಗಳದೆ ಅನುಮಾನದಿಂದ ನೋಡಿದ ಒಂದು ಕೆಲಸ ನಡೆದಿದೆ. ಅದು ಹೇಗೆ ನಡೆಯಿತು, ಈಗ ಯಾಕೆ ಸಡಿಲವಾಗಬಾರದು, ನಮ್ಮ ಕೇರಿಗೂ ಅದಕ್ಕೂ ಏನು ಸಂಬಂಧ ಅನ್ನೋದನ್ನ ನಾವು ತಿಳಿಯಲೇಬೇಕು.

ಕಾಣದ ರೋಗ, ಕಾಣದ ಮಕ್ಕಳು

ಪೋಲಿಯೋ ವೈರಸ್ಸು ಮಲದಲ್ಲಿ ಹೊರಬರುತ್ತದೆ, ಬಾಯಿಯಲ್ಲಿ ಒಳಹೋಗುತ್ತದೆ. ಕೊಳಚೆ ಸೇರಿದ ನೀರು, ತೊಳೆಯದ ಕೈ, ಬಯಲು ಕಕ್ಕಸು ಇದರ ದಾರಿ. ಊರಿನ ಚರಂಡಿ ಕೊನೆಗೆ ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಮೇಲಿನ ಬೀದಿಯ ನೀರೆಲ್ಲ ಹರಿದು ಬರೋದು ನಮ್ಮ ಹಟ್ಟಿಯ ಬಾಗಿಲಿಗೇ.

ಈ ವೈರಸ್ಸು ಹೊಕ್ಕ ಮಕ್ಕಳಲ್ಲಿ ಕೈಕಾಲು ಸೋಲೋದು ಸುಮಾರು ಇನ್ನೂರಕ್ಕೆ ಒಂದು ಮಗುವಿಗೆ. ಮಿಕ್ಕವರಿಗೆ ಒಂದಿಷ್ಟು ಜ್ವರ, ಇಲ್ಲಾ ಅಂದ್ರೆ ಅದೂ ಇಲ್ಲ. ಆದರೆ ಅವರೆಲ್ಲರಿಂದಲೂ ವೈರಸ್ಸು ಹರಡುತ್ತಲೇ ಇರುತ್ತದೆ. ಅಂದರೆ ಕಾಲು ಸೋತ ಒಂದು ಮಗು ಕಂಡಿತು ಅಂದರೆ, ಅದರ ಹಿಂದೆ ಕಾಣದೆ ಇರೋ ಇನ್ನೂರು ಮಕ್ಕಳಿದ್ದಾರೆ ಅಂತ ಅರ್ಥ. ಆ ಒಂದು ಮಗುವನ್ನೂ ಕಾಣದೆ ಹೋದರೆ ಇಡೀ ರೋಗವೇ ಕಣ್ಣಿಗೆ ಬೀಳೋದಿಲ್ಲ.

1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಪೋಲಿಯೋವನ್ನು ಭೂಮಿಯಿಂದಲೇ ಇಲ್ಲವಾಗಿಸಬೇಕು ಅಂತ ಠರಾವು ಮಾಡಿತು. ಆ ವರ್ಷ ಪ್ರಪಂಚದ ಸರ್ಕಾರಗಳೆಲ್ಲ ಸೇರಿ ಬರೆದುಕೊಟ್ಟ ಲೆಕ್ಕ ಸುಮಾರು 35 ಸಾವಿರ ಮಕ್ಕಳದು. ತಿಳಿದವರು ಅಂದಾಜು ಮಾಡಿದ ನಿಜವಾದ ಸಂಖ್ಯೆ ಮೂರೂವರೆ ಲಕ್ಷ. ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳು ಯಾವ ದಫ್ತರಕ್ಕೂ ಸೇರಲಿಲ್ಲ. ಆ ಒಂಬತ್ತು ಮಕ್ಕಳು ಯಾರ ಮನೆಯವರು? ಡಾಕ್ಟರ ಮನೆಯವರಾ? ತಾಲ್ಲೂಕು ಕಚೇರಿಯ ಗುಮಾಸ್ತರ ಮನೆಯವರಾ? ಡಾಕ್ಟರ ಹತ್ತಿರ ಹೋಗಲು ಬಸ್ ಚಾರ್ಜಿಲ್ಲದವರ ಮಕ್ಕಳು. ಮಾರಮ್ಮನ ಮುನಿಸು ಅಂತ ಅಂತ್ರ ಕಟ್ಟಿಸಿ ಸುಮ್ಮನಾದವರ ಮಕ್ಕಳು. ನಮ್ಮ ಮಕ್ಕಳು.

ಹೇಗೆ ಲೆಕ್ಕ ಹಿಡಿದರು

ಇಂಡಿಯಾದಲ್ಲಿ ಪಲ್ಸ್ ಪೋಲಿಯೋ 1995ರಲ್ಲಿ ಶುರುವಾಯಿತು. ಹನಿ ಹಾಕಿದರೆ ಸಾಲದು, ರೋಗ ಎಲ್ಲಿದೆ ಅಂತ ಗೊತ್ತಾಗದೆ ಅದರ ಬೆನ್ನು ಹತ್ತಲಾಗದು ಅಂತ 1997ರಲ್ಲಿ ಸರ್ಕಾರವೂ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ ರಾಷ್ಟ್ರೀಯ ಪೋಲಿಯೋ ಕಣ್ಗಾವಲು ಯೋಜನೆ ಕಟ್ಟಿದರು.

ಅದರ ಕಾನೂನು ಸರಳ. ಹದಿನೈದು ವರ್ಷದೊಳಗಿನ ಯಾವ ಮಗುವಿಗೇ ಆಗಲಿ, ಇದ್ದಕ್ಕಿದ್ದಂತೆ ಕೈಯೋ ಕಾಲೋ ಸೋತು ಜೋತುಬಿದ್ದರೆ ಕೂಡಲೇ ತಿಳಿಸಬೇಕು. ಅದು ಪೋಲಿಯೋನಾ ಅಲ್ಲವಾ ಅಂತ ತಿಳಿಸುವವರು ತೀರ್ಮಾನ ಮಾಡೋ ಹಾಗಿಲ್ಲ. ಇದನ್ನೇ ಎ.ಎಫ್.ಪಿ. ಅಂತ ಕರೀತಾರೆ. ಸುದ್ದಿ ಸಿಕ್ಕ 48 ಗಂಟೆಯೊಳಗೆ ಡಾಕ್ಟರು ಆ ಮಗುವನ್ನು ನೋಡಬೇಕು. ಕಾಲು ಸೋತ 14 ದಿನದೊಳಗೆ, ಒಂದಕ್ಕೊಂದು 24 ಗಂಟೆ ಅಂತರದಲ್ಲಿ, ಎರಡು ಸಲ ಮಲದ ಸ್ಯಾಂಪಲ್ ತೆಗೆಯಬೇಕು. ಐಸ್ ಪೆಟ್ಟಿಗೆಯಲ್ಲಿಟ್ಟು ಮೂರು ದಿನದೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಮುಂಬೈನ ಲ್ಯಾಬಿನಂಥ ಕಡೆ ಆ ವೈರಸ್ಸಿನ ಗುಣಸೂತ್ರವನ್ನೇ ಓದುತ್ತಾರೆ. ವರ್ಷಕ್ಕೆ ನೂರಕ್ಕೊಂದರ ಲೆಕ್ಕದಲ್ಲಿ ಅದು ಬದಲಾಗುತ್ತಾ ಹೋಗುತ್ತದೆ. ಹಾಗಾಗಿ ಈ ವೈರಸ್ಸು ಎಲ್ಲಿಂದ ಬಂತು, ಎಷ್ಟು ವರ್ಷ ಕಣ್ತಪ್ಪಿಸಿ ಓಡಾಡಿತು ಅಂತ ಅದೇ ಸಾಕ್ಷಿ ಹೇಳುತ್ತದೆ. ಅಧಿಕಾರಿ ಸುಳ್ಳು ಬರೆದರೂ ವೈರಸ್ಸು ಸುಳ್ಳು ಹೇಳೋದಿಲ್ಲ.

ಗೆಳೆಯರೇ, ಮುಖ್ಯ ಮಾತು ಇನ್ನು ಮುಂದಿದೆ. ಪೋಲಿಯೋ ಇಲ್ಲದ ಊರಲ್ಲೂ ಬೇರೆ ಕಾರಣಕ್ಕೆ ಕೆಲವು ಮಕ್ಕಳ ಕೈಕಾಲು ಸೋಲುತ್ತದೆ. ಹದಿನೈದು ವರ್ಷದೊಳಗಿನ ಲಕ್ಷ ಮಕ್ಕಳಿದ್ದರೆ ವರ್ಷಕ್ಕೆ ಒಂದಾದರೂ ಇಂಥ ಪ್ರಕರಣ ಸಿಗಲೇಬೇಕು ಅಂತ ಪ್ರಪಂಚದ ಅಳತೆ. ಇಂಡಿಯಾ ತನಗೆ ತಾನೇ ಲಕ್ಷಕ್ಕೆ ಎರಡು ಅಂತ ಗೆರೆ ಹಾಕಿಕೊಂಡಿತು. ಒಂದು ಜಿಲ್ಲೆಯಲ್ಲಿ ಐದು ಲಕ್ಷ ಮಕ್ಕಳಿದ್ದರೆ ವರ್ಷಕ್ಕೆ ಹತ್ತು ಪ್ರಕರಣವಾದರೂ ಬರಬೇಕು. ಬರಲಿಲ್ಲ ಅಂದರೆ ಆ ಜಿಲ್ಲೆಯಲ್ಲಿ ರೋಗವಿಲ್ಲ ಅಂತಲ್ಲ. ಆ ಜಿಲ್ಲೆಯವರು ಹುಡುಕುತ್ತಿಲ್ಲ ಅಂತ. ವಾರ ವಾರ ಆಸ್ಪತ್ರೆಗಳು ವರದಿ ಕಳಿಸಬೇಕು. ಏನೂ ಇಲ್ಲದಿದ್ದರೂ ಸೊನ್ನೆ ಅಂತಲಾದರೂ ಬರೆದು ಕಳಿಸಬೇಕು. ಆ ಸೊನ್ನೆ ನಿಜವಾ ಅಂತ ನೋಡೋಕೆ ಡಾಕ್ಟರೇ ಖುದ್ದಾಗಿ ಹೋಗಿ ಆಸ್ಪತ್ರೆಯ ರಿಜಿಸ್ಟರು ತಿರುವಿ ಹಾಕಬೇಕು. ದೊಡ್ಡಾಸ್ಪತ್ರೆ ಮಾತ್ರವಲ್ಲ, ನಾಟಿ ವೈದ್ಯರು, ಅಂತ್ರ ಕಟ್ಟುವವರು, ಗುಡಿ ದರ್ಗಾಗಳಲ್ಲಿ ಮಂತ್ರ ಹಾಕುವವರು, ಇವರನ್ನೂ ಈ ಜಾಲಕ್ಕೆ ಸೇರಿಸಿಕೊಂಡರು. ಯಾಕೆ? ಬಡವರು ಮೊದಲು ಹೋಗೋದು ಅಲ್ಲಿಗೇ.

ಇದಕ್ಕೂ ಮೊದಲೇ, 1980ರ ದಶಕದಲ್ಲಿ, ನಮ್ಮ ಪಕ್ಕದ ತಮಿಳುನಾಡಿನ ಉತ್ತರ ಆರ್ಕಾಟ್ ಜಿಲ್ಲೆಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಟಿ. ಜೇಕಬ್ ಜಾನ್ ಮತ್ತು ಅವರ ಜೊತೆಯವರು ಒಂದು ದಾರಿ ತೋರಿಸಿದ್ದರು. ಅಚ್ಚು ಹಾಕಿದ ಪೋಸ್ಟ್ ಕಾರ್ಡನ್ನು ಡಾಕ್ಟರುಗಳ ಕೈಗೆ ಕೊಟ್ಟರು. ಇಂಥಿಂಥ ರೋಗ ಕಂಡರೆ ತುಂಬಿಸಿ ಡಬ್ಬಿಗೆ ಹಾಕಿ ಅಷ್ಟೇ. ಕಂಪ್ಯೂಟರಿಲ್ಲ, ಜೀಪಿಲ್ಲ. ಒಂದು ಕಾರ್ಡು, ಮತ್ತು ಆ ಕಾರ್ಡು ಬಂದ ಕೂಡಲೇ ಎದ್ದು ಹೋಗುವ ಮನಸ್ಸು. ದುಡ್ಡಿಲ್ಲ ಅನ್ನೋ ಅಧಿಕಾರಿಗಳಿಗೆ ಈ ಪೋಸ್ಟ್ ಕಾರ್ಡಿನ ಕಥೆ ಹೇಳಿ.

ಫಲ ಏನಾಯಿತು? 2009ರಲ್ಲಿ ದೇಶದಲ್ಲಿ 741 ಮಕ್ಕಳಿಗೆ ಪೋಲಿಯೋ. 2010ರಲ್ಲಿ 42. 2011ರಲ್ಲಿ ಒಂದೇ ಒಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣು ಮಗು. ಅದೇ ಕೊನೆ.

ಯಾರನ್ನು ಬಿಟ್ಟರೋ ಅಲ್ಲೇ ಉಳಿಯಿತು

ಕೊನೆಯ ಹತ್ತು ವರ್ಷ ಈ ರೋಗ ಎಲ್ಲಿ ಅಡಗಿತ್ತು? ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳ ಬಡ ಮುಸ್ಲಿಮರ ಓಣಿಗಳಲ್ಲಿ. ಬಿಹಾರದ ಕೋಸಿ ನದಿಯ ನೆರೆ ಪ್ರದೇಶದಲ್ಲಿ. ಇಟ್ಟಿಗೆ ಗೂಡಿನ ಕೂಲಿಗಳ, ಕಟ್ಟಡ ಕೂಲಿಗಳ, ಅಲೆಮಾರಿಗಳ ಗುಡಾರಗಳಲ್ಲಿ. 2002ರಲ್ಲಿ ದೇಶದಲ್ಲಿ 1600 ಮಕ್ಕಳಿಗೆ ಪೋಲಿಯೋ ಬಂದಾಗ ಹೆಚ್ಚಿನವರು ಉತ್ತರ ಪ್ರದೇಶದವರೇ. ಮರುವರ್ಷ, 2003ರಲ್ಲಿ, ಆ ವೈರಸ್ಸು ಕರ್ನಾಟಕಕ್ಕೂ ಬಂದು ನಮ್ಮ ಮಕ್ಕಳ ಕಾಲನ್ನೂ ತೆಗೆಯಿತು. ಎಲ್ಲೋ ಒಂದು ಓಣಿಯನ್ನು ಬಿಟ್ಟು ಹೋದದ್ದರ ಬೆಲೆಯನ್ನು ಇನ್ನೆಲ್ಲೋ ಒಂದು ಕೇರಿ ತೆತ್ತಿತು.

ಆ ಗುಡಾರಗಳು ಮೊದಲು ಯಾವ ಪಟ್ಟಿಯಲ್ಲೂ ಇರಲಿಲ್ಲ. ಊರಿಗೆ ಸೇರಿದವರಲ್ಲ ಅಂತ ಬಿಟ್ಟಿದ್ದರು. ಅವುಗಳ ಹೆಸರು ಪಟ್ಟಿಗೆ ಸೇರಿಸಿ, ಅಲ್ಲಿಗೂ ಹೋಗಿ, ಅಲ್ಲಿನ ಹೆಂಗಸರನ್ನೇ ಕೆಲಸಕ್ಕೆ ಹಚ್ಚಿದ ಮೇಲೆ ರೋಗ ಸೋತಿತು. ಬಾಬಾಸಾಹೇಬರನ್ನು ಓದಿದ ನಮಗೆ ಇದು ಹೊಸದಲ್ಲ. ಊರಾಚೆ ಇಟ್ಟವರನ್ನು ಬಿಟ್ಟು ಊರು ಉದ್ಧಾರವಾಗೋದಿಲ್ಲ. ವ್ಯತ್ಯಾಸ ಏನೆಂದರೆ, ವೈರಸ್ಸು ಇದನ್ನು ಅಂಕಿಸಂಖ್ಯೆ ಸಮೇತ ಸರ್ಕಾರಕ್ಕೆ ತೋರಿಸಿಕೊಟ್ಟಿತು.

ಆಫ್ರಿಕಾದ ನೈಜೀರಿಯಾದ ಪಾಠ ಇನ್ನೂ ಕಟುವಾದದ್ದು. 2014ರ ಜುಲೈ ನಂತರ ಅಲ್ಲಿ ಒಂದು ಪ್ರಕರಣವೂ ವರದಿಯಾಗಲಿಲ್ಲ. ಸೊನ್ನೆ, ಸೊನ್ನೆ. 2015ರಲ್ಲಿ ಪೋಲಿಯೋ ಬೇರೂರಿದ ದೇಶಗಳ ಪಟ್ಟಿಯಿಂದ ಹೆಸರು ತೆಗೆದರು. 2016ರ ಆಗಸ್ಟಿನಲ್ಲಿ ಬೋರ್ನೋ ರಾಜ್ಯದಲ್ಲಿ ಕಾಲು ಸೋತ ಮಕ್ಕಳು ಸಿಕ್ಕರು. ವೈರಸ್ಸನ್ನು ಪರೀಕ್ಷಿಸಿದರೆ ಅದು 2011ರಲ್ಲಿ ಕಂಡಿದ್ದ ವೈರಸ್ಸಿನ ಸಂತಾನ! ಐದು ವರ್ಷ ಅದು ಮಕ್ಕಳಿಂದ ಮಕ್ಕಳಿಗೆ ದಾಟುತ್ತಲೇ ಇತ್ತು. ಬಂದೂಕಿನ ಭಯಕ್ಕೆ ಯಾರೂ ಕಾಲಿಡದ ಹಳ್ಳಿಗಳಲ್ಲಿ, ಊರು ಬಿಟ್ಟು ಓಡಿದವರ ನಡುವೆ. ಸೊನ್ನೆ ಬರೆದದ್ದು ರೋಗ ಇಲ್ಲದ್ದಕ್ಕಲ್ಲ, ನೋಡಲು ಯಾರೂ ಹೋಗದ್ದಕ್ಕೆ. ಆ ಹಳ್ಳಿಗಳ ಜನರನ್ನೇ ಸುದ್ದಿ ತರುವವರನ್ನಾಗಿ ಮಾಡಿಕೊಂಡ ಮೇಲೆ ಜಾಲ ಸರಿಹೋಯಿತು. 2020ರ ಆಗಸ್ಟಿನಲ್ಲಿ ಆಫ್ರಿಕಾ ವಲಯ ಕಾಡು ಪೋಲಿಯೋದಿಂದ ಮುಕ್ತ ಅಂತ ಘೋಷಣೆಯಾಯಿತು.

"ಮುಗೀತಲ್ಲ ಬಿಡ್ರಪ್ಪ" ಅನ್ನೋರಿಗೆ

ಇಂಡಿಯಾದಲ್ಲಿ ಪೋಲಿಯೋ ಹೋಯ್ತು, ಇನ್ಯಾಕೆ ಈ ಕಣ್ಗಾವಲು, ಸಂಬಳ, ಲ್ಯಾಬು ಅಂತ ಕೇಳೋರಿದ್ದಾರೆ. 2024ರಲ್ಲಿ ಪಾಕಿಸ್ತಾನದಲ್ಲಿ 74, ಅಫ್ಘಾನಿಸ್ತಾನದಲ್ಲಿ 25 ಮಕ್ಕಳು ಕಾಡು ಪೋಲಿಯೋಗೆ ಸಿಕ್ಕಿದ್ದಾರೆ. 2022ರಲ್ಲಿ ಪಾಕಿಸ್ತಾನದ ವೈರಸ್ಸು ಸಾವಿರಾರು ಮೈಲಿ ದಾಟಿ ಆಫ್ರಿಕಾದ ಮಲಾವಿಯಲ್ಲಿ ಕಾಣಿಸಿಕೊಂಡಿತು. ಅದಕ್ಕೆ ಪಾಸ್‌ಪೋರ್ಟು ಬೇಕಿಲ್ಲ. ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ಬಾಯಿಗೆ ಹಾಕುವ ಹನಿಯಲ್ಲಿರೋದು ಬಲ ಕುಂದಿಸಿದ ಜೀವಂತ ವೈರಸ್ಸು. ತುಂಬಾ ಮಕ್ಕಳಿಗೆ ಲಸಿಕೆ ತಪ್ಪಿದ ಕಡೆ ಅದೇ ಮಗುವಿನಿಂದ ಮಗುವಿಗೆ ದಾಟುತ್ತಾ ಮತ್ತೆ ಬಲ ಪಡೆದು ಕಾಲು ತೆಗೆಯಬಹುದು. ಇದಕ್ಕೇ 2016ರಲ್ಲಿ ಹನಿಯಿಂದ ಎರಡನೇ ಬಗೆಯ ವೈರಸ್ಸನ್ನು ತೆಗೆದುಹಾಕಿದರು, ಇಂಜೆಕ್ಷನ್ ಲಸಿಕೆಯನ್ನೂ ಸೇರಿಸಿದರು. ಇದಕ್ಕೆ ಮದ್ದು ಹನಿ ನಿಲ್ಲಿಸೋದಲ್ಲ. ಒಂದು ಮಗುವನ್ನೂ ಬಿಡದೆ ಲಸಿಕೆ ಕೊಡೋದು, ಕಣ್ಣು ಮುಚ್ಚದೆ ಕಾಯೋದು.

2024ರಲ್ಲಿ ಗಾಜಾದಲ್ಲಿ ಆದದ್ದು ಇದೇ. ಬಾಂಬು ಬಿದ್ದು ಚರಂಡಿ ಒಡೆಯಿತು, ಆಸ್ಪತ್ರೆ ಒಡೆಯಿತು. ಮೊದಲು ಕೊಳಚೆ ನೀರಿನ ಸ್ಯಾಂಪಲ್ಲಿನಲ್ಲಿ ವೈರಸ್ಸು ಸಿಕ್ಕಿತು. ಆಗಸ್ಟಿನಲ್ಲಿ ಹತ್ತು ತಿಂಗಳ ಕೂಸಿನ ಕಾಲು ಸೋತಿತು. ಇಪ್ಪತ್ತೈದು ವರ್ಷದಲ್ಲಿ ಅಲ್ಲಿ ಅದೇ ಮೊದಲು.

ನಮ್ಮ ಸಂಗಾತಿಗಳಲ್ಲೇ ಕೆಲವರು ಬೇರೆ ಮಾತು ಹೇಳುತ್ತಾರೆ. "ಕುಡಿಯೋಕೆ ನೀರಿಲ್ಲ, ಕಕ್ಕಸಿಲ್ಲ, ಕೂಲಿ ಇಲ್ಲ. ಹನಿ ಹಾಕೋಕೆ ಮಾತ್ರ ಮನೆ ಬಾಗಿಲಿಗೆ ಬರ್ತಾರೆ. ಬರಲಿ ಬಿಡಿ, ನಾವು ಬಾಗಿಲು ಹಾಕೋಣ." ಈ ಸಿಟ್ಟು ನ್ಯಾಯವಾದದ್ದು. ಉತ್ತರ ಪ್ರದೇಶದ ಬಡವರೂ ಹೀಗೇ ಸಿಟ್ಟಾದರು. ತುರ್ತು ಪರಿಸ್ಥಿತಿಯಲ್ಲಿ ಬಲವಂತದ ಸಂತಾನಹರಣ ಕಂಡ ಜನ ಸರ್ಕಾರದ ಡಾಕ್ಟರನ್ನು ನಂಬದಿದ್ದರೆ ಅದು ಅವರ ಮೂಢತನವಲ್ಲ, ಅನುಭವ. ಆದರೆ ಬಾಗಿಲು ಹಾಕಿದರೆ ಸೋಲೋದು ನಮ್ಮ ಮಗುವಿನ ಕಾಲು, ಮಂತ್ರಿಯ ಮಗುವಿನದಲ್ಲ. ಬಾಗಿಲು ತೆಗೆಯಬೇಕು, ಹನಿ ಹಾಕಿಸಬೇಕು, ಆಮೇಲೆ ಬಂದವರನ್ನು ಅಲ್ಲೇ ನಿಲ್ಲಿಸಿ ಕೇಳಬೇಕು: ನಿಮ್ಮ ನಕ್ಷೆಯಲ್ಲಿ ನಮ್ಮ ಹಟ್ಟಿ ಇದೆಯಲ್ಲ, ಅದೇ ನಕ್ಷೆಯಲ್ಲಿ ನಲ್ಲಿ ಯಾವಾಗ ಬರುತ್ತೆ?

ನಮ್ಮ ತಕರಾರು ಎಲ್ಲಿದೆ

ಈ ಕೆಲಸವನ್ನು ನಾವು ಕುರುಡಾಗಿ ಹೊಗಳುತ್ತಿಲ್ಲ. ಈ ಜಾಲ ವೈರಸ್ಸನ್ನು ಹುಡುಕುತ್ತದೆ, ಮಗುವನ್ನು ಹುಡುಕೋದಿಲ್ಲ. ವರ್ಷಕ್ಕೆ ಹತ್ತಾರು ಸಾವಿರ ಮಕ್ಕಳ ಮಲ ಪರೀಕ್ಷೆ ನಡೆದಿದೆ. ಪೋಲಿಯೋ ಅಲ್ಲ ಅಂತ ಬಂದರೆ ಫೈಲು ಮುಚ್ಚುತ್ತದೆ. ಸ್ಯಾಂಪಲ್ ಸರಿಯಾಗಿ ಸಿಗದಿದ್ದರೆ 60 ದಿನದ ಮೇಲೆ ಇನ್ನೊಮ್ಮೆ ಬಂದು ಕಾಲು ಇನ್ನೂ ಸೋತಿದೆಯಾ ಅಂತ ಬರೆದುಕೊಳ್ಳುತ್ತಾರೆ. ಆಮೇಲೆ? ಪೋಲಿಯೋ ಅಲ್ಲದ್ದರಿಂದ ಸೋತ ಕಾಲೂ ಕಾಲೇ ತಾನೇ? ಆ ಮಗುವಿಗೆ ವ್ಯಾಯಾಮ ಚಿಕಿತ್ಸೆ, ಊರುಗೋಲು, ಪಿಂಚಣಿ ಯಾರು ಕೊಡಬೇಕು? ಲ್ಯಾಬಿನ ರಿಸಲ್ಟನ್ನು ಕೂಲಿಗೆ ಹೋದ ತಾಯಿಗೆ ಅವಳ ಭಾಷೆಯಲ್ಲಿ ಯಾರು ಹೇಳಬೇಕು? ಮಲ ಕೊಟ್ಟವರಿಗೆ ಮಾಹಿತಿ ಪಡೆಯುವ ಹಕ್ಕಿದೆ.

ಇನ್ನೊಂದು ತಕರಾರು ಇನ್ನೂ ಆಳದ್ದು. ಮುಂಬೈನಲ್ಲಿ 2001ರಿಂದ ಕೊಳಚೆ ನೀರನ್ನು ಎತ್ತಿ ಪೋಲಿಯೋ ಹುಡುಕುತ್ತಿದ್ದಾರೆ, ಆಮೇಲೆ ಬೇರೆ ಊರುಗಳಲ್ಲೂ ಶುರು ಮಾಡಿದರು. ಒಳ್ಳೆಯದೇ. ಮಗುವಿನ ಕಾಲು ಸೋಲುವ ಮೊದಲೇ ಚರಂಡಿ ಎಚ್ಚರಿಕೆ ಕೊಡುತ್ತದೆ. ಆದರೆ ಆ ಚರಂಡಿಗೆ ಇಳಿಯುವವನು ಯಾರು? ಕಣ್ಣಿಗೆ ಕಾಣದ ವೈರಸ್ಸನ್ನು ಚರಂಡಿಯಲ್ಲಿ ಹುಡುಕಿ ತೆಗೆಯುವ ಈ ದೇಶಕ್ಕೆ ಅದೇ ಚರಂಡಿಯಲ್ಲಿ ಉಸಿರುಗಟ್ಟಿ ಸತ್ತ ಮನುಷ್ಯ ಕಾಣೋದಿಲ್ಲವಲ್ಲ!

ಒಂದು ತಾರೀಖು ನೆನಪಿಟ್ಟುಕೊಳ್ಳಿ. 2014ರ ಮಾರ್ಚ್ 27. ಆ ದಿನ ಇಂಡಿಯಾ ಸೇರಿದ ಆಗ್ನೇಯ ಏಷ್ಯಾ ವಲಯ ಪೋಲಿಯೋ ಮುಕ್ತ ಅಂತ ದೆಹಲಿಯಲ್ಲಿ ಸರ್ಟಿಫಿಕೇಟು ಕೊಟ್ಟರು. ಅದೇ ದಿನ, ಅದೇ ದೆಹಲಿಯಲ್ಲಿ, ಸಫಾಯಿ ಕರ್ಮಚಾರಿ ಆಂದೋಲನದ ಕೇಸಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: 1993ರಿಂದ ಈಚೆಗೆ ಮ್ಯಾನ್‌ಹೋಲಿನಲ್ಲಿ ಸತ್ತವರನ್ನು ಗುರುತಿಸಿ ಕುಟುಂಬಕ್ಕೆ ಹತ್ತು ಲಕ್ಷ ಪರಿಹಾರ ಕೊಡಿ ಅಂತ. ಮೊದಲನೇ ಸುದ್ದಿಗೆ ಸಿಹಿ ಹಂಚಿದರು. ಎರಡನೇದಕ್ಕೆ? 2021ರ ಜುಲೈನಲ್ಲಿ ರಾಜ್ಯಸಭೆಯಲ್ಲಿ ಮಂತ್ರಿಗಳು ಹೇಳಿದ್ದು, ಮಲ ಹೊರುವ ಕೆಲಸದಿಂದ ಒಂದು ಸಾವೂ ವರದಿಯಾಗಿಲ್ಲ ಅಂತ. ಸೊನ್ನೆ! ಕೆಲವೇ ದಿನದಲ್ಲಿ ಅದೇ ಇಲಾಖೆ, ಒಳಚರಂಡಿ ಮತ್ತು ಶೌಚಗುಂಡಿ ಸ್ವಚ್ಛ ಮಾಡುವಾಗ ಒಂಬತ್ತು ನೂರಕ್ಕೂ ಹೆಚ್ಚು ಜನ ಸತ್ತಿದ್ದಾರೆ ಅಂತಲೂ ಹೇಳಿತು. ಹೆಸರು ಬದಲಾಯಿಸಿದರೆ ಹೆಣ ಮಾಯವಾಗುತ್ತದಾ? 2010ರ ಜುಲೈನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಬಂಧುಗಳು ಮೈಮೇಲೆ ಮಲ ಸುರಿದುಕೊಂಡು ನಿಂತರು. ಲೆಕ್ಕಕ್ಕೇ ಇಲ್ಲದವರು ಲೆಕ್ಕಕ್ಕೆ ಬರಲು ಅಷ್ಟು ದೂರ ಹೋಗಬೇಕಾಯಿತು.

ಆದ್ದರಿಂದ ನಮ್ಮ ವಾದ ಇಷ್ಟು. ಒಂದು ಮಗುವನ್ನು ಹದಿನಾಲ್ಕು ದಿನದಲ್ಲಿ ಹುಡುಕಲು ಈ ಸರ್ಕಾರಕ್ಕೆ ಬರುತ್ತದೆ. ಆಗೋದಿಲ್ಲ ಅಂತ ಇನ್ನು ಅದು ಹೇಳುವಂತಿಲ್ಲ. ಪೋಲಿಯೋಗೆ ಕಟ್ಟಿದ ಜಾಲವನ್ನು ಬಿಚ್ಚಬಾರದು. ಅದು ದಡಾರ, ರುಬೆಲ್ಲಾ ಪತ್ತೆಗೂ ಕೆಲಸಕ್ಕೆ ಬಂದಿದೆ. ಅದೇ ಶಿಸ್ತು, ಅದೇ ಅನುಮಾನ, ಅದೇ ವಾರದ ವರದಿ ಚರಂಡಿ ಸಾವಿಗೂ ಬರಬೇಕು, ಕೇರಿಯ ವಾಂತಿಭೇದಿಗೂ ಬರಬೇಕು.

ನಾವು ಮಾಡಬೇಕಾದ್ದು

ರಜೆಗೆ ಊರಿಗೆ ಹೋಗುತ್ತೀರಿ. ಬರೀ ಭಾಷಣ ಹೊತ್ತು ಹೋಗಬೇಡಿ. ಒಂದು ನೋಟ್ ಪುಸ್ತಕ ಹಿಡಿದು ಹೋಗಿ.

ಒಂದು: ಹಟ್ಟಿ, ಕೇರಿ, ತಾಂಡ, ಇಟ್ಟಿಗೆ ಗೂಡು, ಕಬ್ಬು ಕಡಿಯುವವರ ಗುಡಿಸಲು, ಕಟ್ಟಡದ ಶೆಡ್ಡು, ಎಲ್ಲ ಕಡೆ ಐದು ವರ್ಷದೊಳಗಿನ ಮಕ್ಕಳೆಷ್ಟು ಅಂತ ನೀವೇ ಎಣಿಸಿ. ಆಮೇಲೆ ಆಶಾ ಅಕ್ಕನ ಪಟ್ಟಿಯ ಜೊತೆ ತಾಳೆ ನೋಡಿ. ಪಟ್ಟಿಯಲ್ಲಿ ಇಲ್ಲದ ಮಗುವಿನ ಹೆಸರು ಸೇರಿಸಿ. ಆಶಾ ಅಕ್ಕ, ಅಂಗನವಾಡಿ ಟೀಚರ ಮೇಲೆ ಕೂಗಾಡಬೇಡಿ; ಪುಡಿಗಾಸಿಗೆ ಈ ಜಾಲವನ್ನೆಲ್ಲ ಹೊತ್ತಿರೋರು ಅವರೇ, ಅವರಲ್ಲಿ ಎಷ್ಟೋ ಜನ ನಮ್ಮವರೇ.

ಎರಡು: ಹದಿನೈದು ವರ್ಷದೊಳಗಿನ ಮಗುವಿನ ಕೈಕಾಲು ಇದ್ದಕ್ಕಿದ್ದಂತೆ ಸೋತರೆ ಅದೇ ದಿನ ಪಿ.ಎಚ್.ಸಿ.ಗೆ ತಿಳಿಸಿ. ಬಿದ್ದು ಪೆಟ್ಟಾಗಿರಬೇಕು, ದೇವರ ಕಾಟ ಇರಬೇಕು ಅಂತ ಕಾಯಬೇಡಿ. ಹದಿನಾಲ್ಕು ದಿನ ಕಳೆದರೆ ಸಾಕ್ಷಿ ಕೈಜಾರುತ್ತದೆ. ಮಗುವನ್ನು ಆಸ್ಪತ್ರೆಗೆ ಸೇರಿಸುವ ತನಕ ಜೊತೆಗಿರಿ. ರಿಸಲ್ಟು ಕೇಳಿ ತಂದು ತಾಯಿಗೆ ಓದಿ ಹೇಳಿ.

ಮೂರು: 2005ರ ಮಾಹಿತಿ ಹಕ್ಕು ಕಾನೂನಿದೆ. ನಿಮ್ಮ ಜಿಲ್ಲೆಯಲ್ಲಿ ಹೋದ ವರ್ಷ ಎಷ್ಟು ಎ.ಎಫ್.ಪಿ. ವರದಿಯಾಯಿತು, ಎಷ್ಟು ಮಕ್ಕಳ ಸ್ಯಾಂಪಲ್ ಸಮಯಕ್ಕೆ ಹೋಯಿತು ಅಂತ ಕೇಳಿ. ಲಕ್ಷಕ್ಕೆ ಎರಡರ ಲೆಕ್ಕ ಹಾಕಿ. ನೂರಕ್ಕೆ ಎಂಬತ್ತು ಮಕ್ಕಳ ಸ್ಯಾಂಪಲ್ಲಾದರೂ ಸರಿಯಾಗಿ ಸಿಗಬೇಕು ಅನ್ನೋದು ನಿಯಮ. ಕಡಿಮೆ ಬಂದರೆ ಅಧಿಕಾರಿಯ ಮುಂದೆ ಕೂತು ಯಾವ ತಾಲ್ಲೂಕು, ಯಾವ ಕೇರಿ ಬಿಟ್ಟಿರಿ ಅಂತ ಕೇಳಿ. ಮಕ್ಕಳ ಹೆಸರು ಕೇಳಬೇಡಿ, ಬೀದಿಯಲ್ಲಿ ಹೇಳಬೇಡಿ. ಅಂಕಿ ಸಾಕು.

ನಾಲ್ಕು: ಅದೇ ಪುಸ್ತಕದ ಹಿಂದಿನ ಪುಟದಲ್ಲಿ ನಿಮ್ಮ ಪಟ್ಟಣದಲ್ಲಿ ಮ್ಯಾನ್‌ಹೋಲಿಗೆ, ಶೌಚಗುಂಡಿಗೆ ಇಳಿದು ಸತ್ತವರ ಲೆಕ್ಕ ಬರೆಯಿರಿ. ತಾರೀಖು, ಜಾಗ, ಇಳಿಸಿದ ಕಂಟ್ರಾಕ್ಟರು, ಪರಿಹಾರ ಸಿಕ್ಕಿತಾ ಇಲ್ಲವಾ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಪರಿಹಾರವನ್ನು ಮೂವತ್ತು ಲಕ್ಷಕ್ಕೆ ಏರಿಸಿದೆ. ಸಿಗದವರ ಪಟ್ಟಿ ಮುಂದಿನ ಸಭೆಗೆ ತನ್ನಿ.

ಓದಿದವರು ಬರೀ ನೌಕರಿ ಹಿಡಿದು ಕೇರಿ ಮರೆಯಬಾರದು ಅಂತ ಪ್ರತಿ ಸಭೆಯಲ್ಲೂ ಹೇಳುತ್ತೇವೆ. ಮರೆಯದೆ ಇರೋದು ಅಂದರೆ ಏನು ಮಾಡೋದು ಅಂತ ಕೇಳಿದವರಿಗೆ ಇದು ಒಂದು ಉತ್ತರ. ನಮ್ಮ ಕೇರಿಯಿಂದ ಸೊನ್ನೆ ಹೋಗಬೇಕಾದರೆ ಆ ಸೊನ್ನೆಯನ್ನು ನಾವೇ ಮನೆ ಮನೆಗೆ ಹೋಗಿ ನೋಡಿ ಬರೆದಿರಬೇಕು. ಅಲ್ಲಿಯವರೆಗೆ ಯಾರ ರುಜು ಇದ್ದರೂ ನಂಬಬೇಡಿ.

ಜೈ ಭೀಮ್.